ಕೆಂಪು ಶಾಯಿಯ ‘ಆನ್’

ಹೆಗ್ಗದ್ದೆ ಕಡೆಯ ಒಂದು ಹಳ್ಳಿಯಲ್ಲಿ ಪಂಕಜಾಕ್ಷಿಯ ಮನೆಯ ಮುಂದಿನ ಕೋಣೆಯೇ ಅಂಚೆ ಕಚೇರಿ. ತಂದೆ ನಡೆಸುತ್ತಿದ್ದ ಕೆಲಸ ಅವರು ತೀರಿಕೊಂಡ ಮೇಲೆ ಅವಳ ಪಾಲಿಗೆ ಬಂದಿತ್ತು. ಮದುವೆಯ ಮಾತು ಎರಡು ಸಲ ಬಂದು ನಿಂತುಹೋಯಿತು. ತಾಯಿಯೂ ಹೋದ ಮೇಲೆ, ಮೂವತ್ತೆಂಟನೇ ವಯಸ್ಸಿಗೆ, ಮನೆಯಲ್ಲಿ ಅವಳೊಬ್ಬಳೇ. ಸಿದ್ದಬಸಪ್ಪ ದಿನಾ ಬಸ್ಸಿನಿಂದ ಟಪಾಲು ಚೀಲ ಇಳಿಸಿ ತಂದುಕೊಡುತ್ತಿದ್ದ. ಊರವರ ಕಾಗದಗಳಿಗೆಲ್ಲ ಅವಳು ಮುದ್ರೆ ಒತ್ತುತ್ತಿದ್ದಳು. ಅವಳ ಹೆಸರಿಗೆ ಬರುತ್ತಿದ್ದುದು ಇಲಾಖೆಯ ಸುತ್ತೋಲೆ ಮಾತ್ರ.

೧೯೯೩ರಲ್ಲಿ, ಅಂಚೆಯ ಮೂಲಕ ಇಂಗ್ಲಿಷ್ ಕಲಿಸುವ ಮೈಸೂರಿನ ಒಂದು ಸಂಸ್ಥೆಗೆ ಸೇರಿದಳು. ತಿಂಗಳಿಗೊಂದು ಪಾಠ. ಉತ್ತರ ಬರೆದು ಕಳಿಸಿದರೆ ಕೆಂಪು ಶಾಯಿಯಲ್ಲಿ ತಿದ್ದಿ ಬರುತ್ತಿತ್ತು. ತಿದ್ದಿದವರ ಹೆಸರಿರುತ್ತಿರಲಿಲ್ಲ, ಮೂಲೆಯಲ್ಲಿ ‘ಎಸ್.ಎನ್.’ ಎಂದಷ್ಟೇ.

ಏಳನೇ ಪಾಠದಲ್ಲಿ ‘ಕೀನ್’ ಎಂಬ ಪದ ಬಂತು. ಯಾವುದರ ಬಗ್ಗೆಯಾದರೂ ತುಂಬ ಉತ್ಸಾಹ ಇರುವವರಿಗೆ ಹೇಳುವ ಮಾತು. ಕನ್ನಡದ ‘ಇಂಗ್ಲಿಷಿನಲ್ಲಿ ಆಸಕ್ತಿ’ಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳು ‘ಐ ಆಮ್ ಕೀನ್ ಇನ್ ಇಂಗ್ಲಿಷ್’ ಎಂದು ಬರೆದಳು. ‘ಇನ್’ ಹೊಡೆದುಹಾಕಿ ‘ಆನ್’ ಮಾಡಿ ಕಳಿಸಿದ್ದರು. ಪಕ್ಕದಲ್ಲಿ ವಿವರಣೆಯೂ ಇತ್ತು: ಮುಂದೆ ವಸ್ತು ಬಂದರೆ ‘ಕೀನ್ ಆನ್’, ಮಾಡುವ ಕೆಲಸ ಬಂದರೆ ‘ಕೀನ್ ಟು’. ಕೆಳಗೆ ಇನ್ನೊಂದು ಸಾಲು: ‘ನಿಮಗೆ ನಿಜವಾಗಿ ಯಾವುದರಲ್ಲಿ ಆಸಕ್ತಿ? ಮೂರು ವಾಕ್ಯ ಬರೆಯಿರಿ.’

ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. ನಾಲ್ಕು ದಿನ ಯೋಚಿಸಿದಳು. ಬಿಸಿ ಅಕ್ಕಿರೊಟ್ಟಿಗೆ ‘ಕೀನ್ ಆನ್’ ಹಾಕಿದಳು. ಎಡಕುಮೇರಿಯ ಸುರಂಗಗಳನ್ನು ರೈಲಿನಲ್ಲಿ ದಾಟುವುದಕ್ಕೆ ‘ಕೀನ್ ಟು’. ಯಾರ ಜೊತೆಗಾದರೂ ಕೂತು ಊಟ ಮಾಡುವುದಕ್ಕೂ ‘ಕೀನ್ ಟು’.

ಮೂರಕ್ಕೂ ಸರಿ ಗುರುತು ಬಂತು. ಮೂರನೆಯದರ ಕೆಳಗೆ, ‘ಇಲ್ಲಿ ಟು ಸರಿಯಾಗಿದೆ’ ಎಂದಿತ್ತು. ಬೇರೇನೂ ಇರಲಿಲ್ಲ.

ಎಂಟನೇ ಪಾಠದ ಉತ್ತರದ ಕೊನೆಗೆ ಅವಳು ‘ಐ ಆಮ್ ಕೀನ್ ಟು ನೋ ಯುವರ್ ನೇಮ್’ ಎಂದು ಸೇರಿಸಿದಳು. ಹಾಳೆ ವಾಪಸು ಬಂದಾಗ ಶಾಯಿ ನೀಲಿ, ಕೈಬರಹ ಬೇರೆ. ಆ ವಾಕ್ಯಕ್ಕೂ ಸರಿ ಗುರುತು ಬಿದ್ದಿತ್ತು. ಹಿಂದಿನ ಅಧ್ಯಾಪಕರು ಕೆಲಸ ಬಿಟ್ಟಿದ್ದಾರೆಂದು ಒಂದು ಚೀಟಿಯೂ ಇತ್ತು.

ಸಿದ್ದಬಸಪ್ಪ ಅವಳ ಮುಖ ನೋಡಿದ. “ಏನಕ್ಕ, ಕೆಟ್ಟ ಸುದ್ದಿ ಐತಾ?”

“ಇಲ್ಲ ಕಣೋ. ಪಾಠ ಹೇಳ್ಕೊಡ್ತಿದ್ದೋರು ಬಿಟ್ಟು ಹೋಗ್ಬುಟ್ರಂತೆ.”

“ಯಾರವ್ರು?”

“ಗೊತ್ತಿಲ್ಲ.”

ಅವನು ಬಸ್ಸಿನ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿದ.

ಅವಳು ಪಾಠ ಬಿಡಲಿಲ್ಲ, ಹನ್ನೆರಡನ್ನೂ ಮುಗಿಸಿದಳು. ಸರ್ಟಿಫಿಕೇಟ್ ಬಂದ ದಿನ ಕಾಫಿ ಎಸ್ಟೇಟಿನ ಕೂಲಿಲೈನಿನ ಹುಲಿಯಮ್ಮ ಹಾಸನದ ಆಸ್ಪತ್ರೆಯಲ್ಲಿ ಕೊಟ್ಟ ಇಂಗ್ಲಿಷ್ ಚೀಟಿ ಹಿಡಿದು ಬಂದಳು. ಪಂಕಜಾಕ್ಷಿ ಎರಡು ಸಲ ಓದಿಕೊಂಡು, ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ಹೇಳಿದಳು.

“ನೀವಿದ್ರಿ, ಗೊತ್ತಾಯ್ತು ಕಣ್ರವ್ವ,” ಎಂದು ಹುಲಿಯಮ್ಮ ಜಗಲಿ ಇಳಿದಳು.

ಪಂಕಜಾಕ್ಷಿ ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಿದ್ದಳು. ಆಮೇಲೆ ಕಚೇರಿಯ ಬಾಗಿಲು ಹಾಕಿ, ಒಲೆ ಹಚ್ಚಲು ಒಳಗೆ ಹೋದಳು.