ಮಾವನ ಹೆಸರಿಲ್ಲದ ವೆಬ್‌ಸೈಟು

ಪುಷ್ಪಾವತಿಗೆ ಬೇಕಾಗಿದ್ದು ಒಂದು ಚಿಕ್ಕ ಹೆಸರು. ಆಕೆಗೆ ಸಿಕ್ಕ ಮಾವನಾದರೋ ಮೈಲಾರೆಪ್ಪ. ಬ್ಯಾಡಗಿಯ ಆ ಓಣಿಯಲ್ಲಿ ಯಾರ ಮನೆಯ ಲಗ್ನಪತ್ರಿಕೆಯಾದರೂ ಅವರ ಕೈ ದಾಟಿಯೇ ಅಚ್ಚಿಗೆ ಹೋಗಬೇಕು. ಕಾಕಾ, ಮಾಮಾ, ಬೀಗರು, ಬೀಗರ ಬೀಗರು, ಒಬ್ಬರನ್ನೂ ಬಿಡುವವರಲ್ಲ. ಒಂದು ಹೆಸರು ಬಿಟ್ಟರೆ ಒಂದು ಮನೆ ಮುರಿಯಿತೆಂದೇ ಅವರ ಲೆಕ್ಕ.

ಪುಷ್ಪಾವತಿ ಗುತ್ತಲದ ಮಗಳು. ಮದುವೆಯಾದ ಹೊಸತರಲ್ಲಿ ಅತ್ತೆ ಮಂಗಳವ್ವನ ಜೊತೆ ಮಾರ್ಕೆಟ್ ಯಾರ್ಡಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಆಮೇಲೆ ಇಬ್ಬರೂ ಸೇರಿ ಖಾರ ಕುಟ್ಟುವ ಮಷಿನ್ ಹಾಕಿದರು. ಹಾವೇರಿಯ ಮೇಳದಲ್ಲಿ ಖಾರಪುಡಿ ಒಯ್ದಷ್ಟೂ ಖರ್ಚಾಯಿತು, ಆದರೆ ಕೊಂಡವರು ತಿರುಗಿ ಬರಲಿಲ್ಲ. ಎಲ್ಲಿಗೆಂದು ಬಂದಾರು? ಪೊಟ್ಟಣದ ಮೇಲೆ ಹೆಸರೇ ಇರಲಿಲ್ಲ. ಬ್ಯಾಡಗಿಯಲ್ಲಿ ನಿಂತು ಖಾರಪುಡಿಯವರ ಮನೆ ಯಾವುದೆಂದರೆ ಯಾರು ತೋರಿಸಬೇಕು! ಈ ವರ್ಷವೂ ಹೀಗೇ ಆದರೆ ಮಷಿನ್ ಮಾರಿ ಮತ್ತೆ ಯಾರ್ಡಿಗೆ ಹೋಗುವುದೇ ಗತಿಯಾಗಿತ್ತು.

ವೆಬ್‌ಸೈಟ್ ಮಾಡಿಕೊಡಲು ರಾಣೆಬೆನ್ನೂರಿನಿಂದ ಫಿರೋಜ್ ಬಂದ. "ಅಕ್ಕಾರ, ಹೆಸರು ಸಣ್ಣದಿರ್ಲಿ. ಒಮ್ಮೆ ಕೇಳಿದವ್ರಿಗೆ ಮನೀಗೆ ಹೋದ್ರೂ ನೆನಪಿರಬೇಕು" ಅಂದ.

ಮೈಲಾರೆಪ್ಪ ಕನ್ನಡಕ ಏರಿಸಿ, ತಾವೇ ಬರೆದಿಟ್ಟಿದ್ದ ಚೀಟಿ ಓದಿದರು: "ಶ್ರೀ ಮೈಲಾರಲಿಂಗೇಶ್ವರ ಪ್ರಸನ್ನ, ತಿರಕಪ್ಪ ಮೈಲಾರೆಪ್ಪ ಅಂಡ್ ಸನ್ಸ್, ಬ್ಯಾಡಗಿ ಶುದ್ಧ ಖಾರಪುಡಿ ಡಾಟ್ ಇನ್."

"ಯಜಮಾನ್ರ, ಇದನ್ನೆಲ್ಲಾ ಕೂಡಿಸಿ ಟೈಪ್ ಮಾಡಬೇಕಾಗತೈತ್ರಿ."

"ಮಾಡ್ಲಿ. ಚಲೋ ಖಾರ ಬೇಕಂದ್ರ ಅಷ್ಟು ಕಷ್ಟಾ ಪಡಬಾರ್ದೇನು?"

ಗಂಡ ಯಲ್ಲೇಶನಿಗೆ ಇಂಥ ಹೊತ್ತಿಗೇ ಕೋಲ್ಡ್ ಸ್ಟೋರೇಜಿನಲ್ಲಿ ಡ್ಯೂಟಿ ಇರುತ್ತದೆ. ಪುಷ್ಪಾವತಿ ತಾನೇ ಹಲ್ಲು ಕಚ್ಚಿ ಕೇಳಿದಳು: "ಮಾವಾರ, ಒಂದ ಉಸಿರಿನ್ಯಾಗ ಹೇಳ್ರಿ ನೋಡೋಣು."

ಮೈಲಾರೆಪ್ಪ ಶುರು ಮಾಡಿದರು. ತಿರಕಪ್ಪನ ಹತ್ತಿರ ಬರುವಷ್ಟರಲ್ಲಿ ಕೆಮ್ಮು ಬಂತು. "ಮತ್ತ ಯಾರನ್ನ ಬಿಡ್ಲಿ? ದೇವರನ್ನ ಬಿಡ್ಲೋ, ನಮ್ಮಪ್ಪನ್ನ ಬಿಡ್ಲೋ?"

"ಎಲ್ಲಾರ್ನೂ ಬಿಡ್ರಿ!" ಆಕೆಯ ತಾಳ್ಮೆ ಹರಿದೇಹೋಯಿತು. "ಫಿರೋಜ್, ಬರಕೋ. ಅತ್ತಿಸೊಸಿ ಡಾಟ್ ಇನ್."

ಮೆಣಸಿನಕಾಯಿ ಹಸನು ಮಾಡುತ್ತಿದ್ದ ಮಂಗಳವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಮೈಲಾರೆಪ್ಪ ಟೋಪಿ ಹಾಕಿಕೊಂಡರು. "ಈ ಮನ್ಯಾಗ ಗಂಡಸೂರು ಸತ್ತಾರೇನು?" ಎಂದವರೇ ಕುಪ್ಪೇಲೂರಿಗೆ ಕೊಟ್ಟ ಮಗಳು ಪ್ರೇಮವ್ವನ ಮನೆಗೆ ಬಸ್ಸು ಹತ್ತಿದರು.

ಹೊಸ ಹೆಸರು ಅಚ್ಚಾದ ಪೊಟ್ಟಣಗಳು ಬಂದವು. ಗಿರಾಕಿ ಬರಲಿಲ್ಲ, ಮಾವನೂ ಬರಲಿಲ್ಲ. ದಿನಾ ಫೋನ್ ಮಾಡಿದರೆ, ಸೊಸೆಯ ದನಿ ಕೇಳಿದ ಕೂಡಲೇ ಮಾವ ಫೋನನ್ನು ಮಗಳ ಕೈಗೆ ಕೊಟ್ಟುಬಿಡುತ್ತಿದ್ದರು. ಈ ವಯಸ್ಸಿನಲ್ಲಿ ಇದೆಂಥ ಮುನಿಸೋ! ಬೈಯಲು ಬಾಯಿ ತುಂಬ ಮಾತಿತ್ತು. ಆದರೆ ಉಣ್ಣುವವರಿಲ್ಲದ ಅವರ ತಾಟು ಕಂಡಾಗ ಆಕೆಗೆ ಸಂಕಟವೂ ಆಗುತ್ತಿತ್ತು.

ಒಂದು ಮಧ್ಯಾಹ್ನ ರಾಣೆಬೆನ್ನೂರಿನ ಒಬ್ಬ ಟೀಚರು ಫೋನ್ ಮಾಡಿದರು. ಅವರಿಗೆ ಖಾರಪುಡಿ ಬೇಕಿತ್ತು, ಅವರ ಶಾಲೆಯ ಉಳಿದ ಟೀಚರುಗಳಿಗೂ ಬೇಕಿತ್ತು.

"ನಮ್ಮ ಹೆಸರು ಹೆಂಗ ಗೊತ್ತಾತ್ರಿ?"

"ನಾನು ಸಾಲಿಗೆ ಹೋಗೋ ಕುಪ್ಪೇಲೂರು ಬಸ್ಸಿನ್ಯಾಗ ಒಬ್ರು ಅಜ್ಜಾರು ದಿನಾ ಬರ್ತಾರ್ರಿ. ಬಾಜೂಕ ಯಾರು ಕುಂತ್ರೂ ಅತ್ತಿಸೊಸಿ ಡಾಟ್ ಇನ್ ಅಂತಾರ. ಬಸ್ಸಿನವ್ರಿಗೆಲ್ಲಾ ಬಾಯಿಪಾಠ ಆಗೇತಿ. ಆ ಸೊಸಿ ಅಂದ್ರ ನನ್ನ ಸೊಸೀನ ಅಂತ ಹೇಳ್ತಿರ್ತಾರ."

ಪುಷ್ಪಾವತಿಗೆ ಖುಷಿಯಾಯಿತು, ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು. ತಕ್ಷಣ ಕುಪ್ಪೇಲೂರಿಗೆ ಫೋನ್ ಹಚ್ಚಿದಳು. "ಮಾವಾರ" ಎನ್ನುವುದರೊಳಗೆ ಆ ಕಡೆ ಫೋನು ಕೈ ಬದಲಾಯಿಸಿತು.

"ಪ್ರೇಮಕ್ಕಾ, ಅವರಿಗೆ ಹೇಳ್ರಿ, ನಾಳೆ ಆ ಬಸ್ಸಿಗೆ ನಾನೂ ಬರ್ತೇನಿ. ಬಾಜೂಕ ಕುಂದರ್ತೇನಿ. ಗುರ್ತಿಲ್ಲದವ್ರ ಕೂಡ ಅಷ್ಟು ಮಾತಾಡ್ತಾರಲ್ಲ, ನನ್ನನ್ನೂ ಗುರ್ತಿಲ್ಲದಾಕಿ ಅಂತ ತಿಳಕೊಳ್ಳಾಕ ಹೇಳ್ರಿ."