ಬಾಯ್ಲರ್ ಮಾವನ ವಿಮಾನ

ಮಗು ಮಲಗುತ್ತಿದೆ ಎಂಬುದೇ ಸೊಸೆಯ ಅನುಮಾನಕ್ಕೆ ಕಾರಣ. ಬೇರೆ ಮನೆಯಲ್ಲಾದರೆ ಮಗು ಮಲಗಿತು ಅಂದರೆ ಅಬ್ಬ ಎಂದು ಉಸಿರು ಬಿಡುತ್ತಾರೆ. ಆದರೆ ಈ ಮಗು ಹುಟ್ಟಿದಾಗಿನಿಂದ ಹಗಲು ನಿದ್ದೆಯ ಮೇಲೆ ಹಗೆ ಸಾಧಿಸುತ್ತಾ ಬಂದದ್ದು. ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗಿ ತಿರುಗಿ ಸೊಂಟ ಬಿದ್ದುಹೋಗುವ ಹೊತ್ತಿಗೆ ಒಂದು ಕಣ್ಣು ಮುಚ್ಚುತ್ತಿತ್ತು. ತೊಟ್ಟಿಲಿಗೆ ಇಳಿಸಿದರೆ ಎರಡೂ ತೆರೆದುಕೊಳ್ಳುತ್ತಿದ್ದವು. ಅಂಥ ಮಗು ಈ ವಾರ ತಾತನ ಹತ್ತಿರ ಬಿಟ್ಟುಹೋದರೆ ಮಧ್ಯಾಹ್ನವಿಡೀ ಮಲಗುತ್ತಿದೆ. ಸಂಜೆ ಅವಳು ಮನೆಗೆ ಬಂದರೆ ಒಂದು ಕೆನ್ನೆ ಮಾತ್ರ ಕೆಂಪಗೆ ಮಾಡಿಕೊಂಡು, ಈಗಷ್ಟೇ ಎದ್ದ ಮುಖದಲ್ಲಿ ನಗುತ್ತಿದೆ.

"ಏನು ಮಾಡಿದ್ರಿ ಮಾವ, ಇಷ್ಟು ಹೊತ್ತು ಮಲಗಿದೆಯಲ್ಲ?"

"ನಾನೇನೂ ಮಾಡಲಿಲ್ಲ. ಅದೇ ಮಲಗಿತು."

ಈ 'ಏನೂ ಮಾಡಲಿಲ್ಲ' ಎಂಬ ಮಾತೇ ಅವಳ ತಲೆಯೊಳಗೆ ಹುಳ ಬಿಟ್ಟದ್ದು.

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಹೆರಿಗೆಯ ರಜೆ ಮುಗಿದಿತ್ತು. ಅಂಗಡಿಯ ಯಜಮಾನಿ ಒಳ್ಳೆಯವಳೇ, ಆದರೆ ಒಳ್ಳೆಯತನಕ್ಕೂ ಒಂದು ಗಡುವು ಇರುತ್ತದಲ್ಲ. "ಒಂದು ವಾರ ಅರ್ಧ ದಿನ ಬಂದು ನೋಡು. ಆಗುತ್ತೆ ಅನ್ನಿಸಿದರೆ ಸೋಮವಾರದಿಂದ ಪೂರ್ತಿ ಬಾ. ಆಗಲ್ಲ ಅಂದ್ರೆ ಬೇರೆಯವರನ್ನ ತಗೊಳ್ತೀನಿ, ಬೇಜಾರು ಮಾಡ್ಕೋಬೇಡ," ಅಂದಿದ್ದಳು. ಗಂಡನದು ಬೆಳಗಿನಿಂದ ಸಂಜೆಯವರೆಗೆ ಗೋದಾಮಿನ ಕೆಲಸ. ಇನ್ನು ಮಗುವಿಗೆ ಮನೆಯಲ್ಲಿ ಇದ್ದದ್ದು ಮಾವ ಒಬ್ಬರೇ. ಮಾವನನ್ನು ನಂಬಿದರೆ ಕೆಲಸ ಉಂಟು, ನಂಬದಿದ್ದರೆ ಇಲ್ಲ. ಲೆಕ್ಕ ಅಷ್ಟೇ.

ಮಾವ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ನೋಡಿಕೊಳ್ಳುವುದು ಅಂದರೆ ನಿಜವಾಗಿ ನೋಡುವುದೇ: ನೀರಿನ ಮಟ್ಟ ತೋರುವ ಗಾಜಿನ ಕೊಳವೆ, ಹಬೆಯ ಒತ್ತಡ ತೋರುವ ಮುಳ್ಳು, ಮತ್ತೆ ಕೊಳವೆ, ಮತ್ತೆ ಮುಳ್ಳು, ಪಾಳಿ ಮುಗಿಯುವವರೆಗೆ. ಮುಳ್ಳು ಇರಬೇಕಾದಲ್ಲೇ ಇದ್ದರೂ ಬೆರಳಿನ ಗೆಣ್ಣಿನಿಂದ ಗಾಜಿಗೆ ಟಕ್ಕೆಂದು ಬಡಿದು, ಅದು ಅಂಟಿಕೊಂಡು ನಿಂತಿಲ್ಲ ಎಂದು ಖಾತ್ರಿಯಾದ ಮೇಲೇ ಅದನ್ನು ನಂಬುತ್ತಿದ್ದರು. ನೀರು ಇಳಿದರೆ ತಾನೇ ತುಂಬಿಕೊಳ್ಳುವ ಹೊಸ ಪಂಪು ಬಂದ ದಿನ ಉಳಿದವರೆಲ್ಲ ಇನ್ನು ಆರಾಮ ಎಂದು ಹೊರಗೆ ಹೋಗಿ ಕೂತರೆ, ಇವರು ಸ್ಟೂಲು ಎಳೆದುಕೊಂಡು ಆ ಪಂಪಿನ ಎದುರಿಗೇ ಕೂತರು. "ಅದು ಕೆಲಸ ಮಾಡುತ್ತೋ ಇಲ್ವೋ ನೋಡೋಕೆ ಒಬ್ಬ ಬೇಕಲ್ಲ," ಎಂದರಂತೆ. ಅಂದಿನಿಂದ ಕಾರ್ಖಾನೆಯಲ್ಲಿ ಅವರ ಹೆಸರು ಗೂಬೆಯಣ್ಣ ಎಂದಾಯಿತು. ಬೀಳ್ಕೊಡುಗೆಯ ದಿನ ಫೋರ್‌ಮನ್ ಎದ್ದು ನಿಂತು, "ಗೂಬೆಯಣ್ಣ ಕೆಲಸದಲ್ಲಿ ತೂಕಡಿಸಿದ್ದನ್ನ ನೋಡಿದವರು ಕೈ ಎತ್ರಪ್ಪ," ಎಂದಾಗ ಒಂದು ಕೈಯೂ ಏಳಲಿಲ್ಲ. ಈ ಕಥೆಯನ್ನು ಸೊಸೆ ಮದುವೆಯಾಗಿ ಬಂದ ವಾರವೇ ಕೇಳಿದ್ದಳು. ಆಮೇಲೆಯೂ ಬೇಕಾದಷ್ಟು ಸಲ ಕೇಳಿದ್ದಳು.

ನಿವೃತ್ತಿಯಾದ ಮೇಲೆ ನೋಡುವುದಕ್ಕೆ ಏನೂ ಇಲ್ಲದೆ ಅವರು ಬಟ್ಟೆ ಒಗೆಯುವ ಯಂತ್ರದ ಮುಂದೆ ಕೂರತೊಡಗಿದರು. ಅದನ್ನು ನೋಡಲಾರದೆ ಮಗ ಹಳೆಯ ಕಂಪ್ಯೂಟರ್ ಒಂದನ್ನು ತಂದು, ಇಸ್ತ್ರಿ ಮಾಡುವ ಹಿಂದಿನ ಕೋಣೆಯಲ್ಲಿಟ್ಟು, ವಿಮಾನ ಹಾರಿಸುವ ಆಟ ಹಾಕಿಕೊಟ್ಟ. ಮೊದಲು ಕೊಟ್ಟದ್ದು ಈಗಿನ ಕಾಲದ ವಿಮಾನ. ಎಲ್ಲಿಗೆ, ಎಷ್ಟು ಎತ್ತರ ಎಂದು ಒಮ್ಮೆ ಹೇಳಿಬಿಟ್ಟರೆ ಅದೇ ಹತ್ತಿ, ಆ ಎತ್ತರದಲ್ಲಿ ಅದೇ ನಿಂತು, ಅದೇ ಇಳಿಯುತ್ತಿತ್ತು. "ಇದರಲ್ಲಿ ನನಗೇನು ಕೆಲಸ?" ಎಂದು ಮಾವ ಕೈಬಿಟ್ಟರು. ಆಮೇಲೆ ಮಗ ಎಲ್ಲಿಂದಲೋ ಹುಡುಕಿ ಅಜ್ಜಂದಿರ ಕಾಲದ, ನಾಲ್ಕು ಇಂಜಿನ್ನಿನ ಪ್ರಯಾಣಿಕರ ವಿಮಾನ ಹಾಕಿಕೊಟ್ಟ. ಪರದೆ ತುಂಬ ಗುಂಡು ಗುಂಡು ಗಡಿಯಾರಗಳು, ಒಂದೊಂದರಲ್ಲೂ ಮುಳ್ಳು. ಮಾವನ ಮುಖಕ್ಕೆ ಕಳೆ ಬಂತು. ಹತ್ತಿರ ಸರಿದು ಪರದೆಯ ಗಾಜಿಗೆ ಗೆಣ್ಣಿನಿಂದ ಟಕ್ಕೆಂದು ಬಡಿದು ನೋಡಿದರು.

ಆ ವಿಮಾನಕ್ಕೂ ಆಟೋಪೈಲಟ್ ಇತ್ತು, ಆದರೆ ಹಳೇ ಕಾಲದ್ದು. ಒಂದು ಸ್ವಿಚ್ಚು, ತಿರುಗಲು ಒಂದು ಗುಂಡಿ, ಮೂಗನ್ನು ಮೇಲೆ ಕೆಳಗೆ ಮಾಡಲು ಒಂದು ಹಲ್ಲಿನ ಚಕ್ರ. ಒಮ್ಮೆ ಸೊಸೆಗೂ ವಿವರಿಸಿದ್ದರು. "ಇದಕ್ಕೆ ಎತ್ತರ ಅನ್ನೋದು ಗೊತ್ತಿಲ್ಲ. ಚಕ್ರ ತಿರುಗಿಸಿ ಹತ್ತು ಅಂದ್ರೆ ಹತ್ತುತ್ತೆ. ಸಾಕು ಅಂತ ನಾವು ಚಕ್ರ ವಾಪಸ್ ತಿರುಗಿಸೋವರೆಗೂ ಹತ್ತುತ್ತಲೇ ಇರುತ್ತೆ. ಎದುರಿಗೆ ಗುಡ್ಡ ಇದ್ರೂ ಅಷ್ಟೇ, ಏನಿದ್ರೂ ಅಷ್ಟೇ."

"ಮತ್ತೆ ಯಾಕೆ ಇಟ್ಟಿದಾರೆ ಅದನ್ನ?"

"ಕೈ ನೋಯಬಾರದು ಅಂತ. ತಲೆ ನಮ್ಮದೇ ಇರಬೇಕು."

ಆಗ ಅವಳು ತಲೆಯಾಡಿಸಿ ಪಾತ್ರೆ ತೊಳೆಯಲು ಹೋಗಿದ್ದಳು. ಈಗ ಅವಳ ತಲೆಯಲ್ಲಿದ್ದದ್ದು ವಿಮಾನವಲ್ಲ, ಫ್ರಿಜ್ಜಿನ ಬಾಗಿಲಲ್ಲಿದ್ದ ಅಲರ್ಜಿಯ ಸಿರಪ್ಪು. ಅದು ಕುಡಿದರೆ ನಿದ್ದೆ ಬರುವಂಥದ್ದು. 'ನಾಳೆ ದೂರ ಪ್ರಯಾಣ ಇದೆ, ಮಗು ಮಲಗೋ ಹಾಗೆ ಏನಾದ್ರೂ ಕೊಡಮ್ಮ' ಎಂದು ಅಂಗಡಿಗೆ ಬಂದು ಕೇಳಿದ ತಾಯಂದಿರನ್ನು ಅವಳು ಎಷ್ಟೋ ಸಲ ಬೈದು ಕಳಿಸಿದ್ದಾಳೆ. ಮಂಗಳವಾರ ಸಿರಪ್ಪಿನ ಮಟ್ಟಕ್ಕೆ ಸರಿಯಾಗಿ ಉಗುರುಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆದಳು. ಗುರುವಾರ ನೋಡಿದರೆ ಸಿರಪ್ಪು ಗೆರೆಯಿಂದ ಕೆಳಗಿತ್ತು.

ಗಂಡ ಬಂದ ಕೂಡಲೇ ಬಾಟಲಿಯನ್ನು ಮುಖದ ಮುಂದೆ ಹಿಡಿದಳು.

"ನಾನೇ ಕುಡಿದೆ. ಮೂಗು ಸೋರ್ತಾ ಇತ್ತು."

"ಮಕ್ಕಳ ಸಿರಪ್ಪಾ?"

"ಸ್ಟ್ರಾಬೆರಿ ರುಚಿ ಇರುತ್ತೆ ಕಣೇ."

ಹೇಳಿದ್ದು ನಿಜವಿರಬಹುದು. ಸ್ಟ್ರಾಬೆರಿಗೆ ಬಾಯಿ ಬಿಡುವ ಮನುಷ್ಯನೇ ಅವನು. ಆದರೆ ಅನುಮಾನ ಒಮ್ಮೆ ಒಳಗೆ ಬಂದು ಕೂತರೆ ಎದ್ದು ಹೋಗು ಎಂದರೆ ಹೋಗುತ್ತದೆಯೇ. ಅಪ್ಪನ ಮಾನ ಉಳಿಸಲು ಮಗ ಸುಳ್ಳು ಹೇಳುತ್ತಿರಬಹುದಲ್ಲ? ಅವಳು ಮಗುವಿನ ಕಣ್ಣರೆಪ್ಪೆ ಎತ್ತಿ ನೋಡಿದಳು, ಬಾಯಿ ಮೂಸಿ ನೋಡಿದಳು. ಬರೀ ಹಾಲಿನ ವಾಸನೆ. ಮಗು ಇದೇನೋ ಹೊಸ ಆಟ ಎಂದುಕೊಂಡು ಅವಳ ಮೂಗನ್ನು ಕಚ್ಚಿತು.

ಶುಕ್ರವಾರ ಯಜಮಾನಿಗೆ ತಲೆನೋವು ಎಂದು ಹೇಳಿ ಬೇಗ ಹೊರಟಳು. ಬಸ್ಸಿಳಿದು ಮನೆಯ ಮೆಟ್ಟಿಲು ಹತ್ತುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಳು. ತನ್ನ ಮನೆಗೆ ತಾನೇ ಕಳ್ಳಿಯಂತೆ ಬರುವ ಗತಿ ಬಂತಲ್ಲ ಎಂದು ನಾಚಿಕೆಯಾಯಿತು. ಆದರೂ ಬೀಗದ ಕೈ ತಿರುಗಿಸಿದ್ದು ಸದ್ದಾಗದ ಹಾಗೆಯೇ.

ಒಳಗೆ ಕಾಲಿಟ್ಟರೆ ನೆಲವೇ ಸಣ್ಣಗೆ ಗುಂಯ್‌ಗುಡುತ್ತಿತ್ತು. ನಾಲ್ಕು ಇಂಜಿನ್ನುಗಳ ಸದ್ದು, ಏರಿಳಿತವಿಲ್ಲದೆ, ಎಳೆದ ದಾರದಂತೆ ಒಂದೇ ಸಮ. ಆಕಳಿಕೆ ಬಂತು, ತಡೆದುಕೊಂಡಳು. ತೊಟ್ಟಿಲು ಖಾಲಿಯಿತ್ತು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಮಾವ ಕುರ್ಚಿಯಲ್ಲಿದ್ದರು. ಮಗು ಅವರ ಎದೆಯ ಮೇಲೆ ಒಂದು ಕೆನ್ನೆ ಒತ್ತಿಕೊಂಡು ಮಲಗಿತ್ತು. ಮಾವನ ಬಾಯಿ ತೆರೆದಿತ್ತು, ಕನ್ನಡಕ ಜಾರಿತ್ತು, ಮಗುವನ್ನು ಬಳಸಿದ್ದ ತೋಳು ಸಡಿಲವಾಗಿ ಪಕ್ಕಕ್ಕೆ ಇಳಿಬಿದ್ದಿತ್ತು. ಗೂಬೆಯಣ್ಣ ಗೊರಕೆ ಹೊಡೆಯುತ್ತಿದ್ದರು. ಕುರ್ಚಿಯೋ, ಚಕ್ರದ್ದು, ಮಗು ಒಂದು ಸಲ ಮಗ್ಗುಲು ಬದಲಿಸಿದ್ದರೆ ಸಾಕಿತ್ತು, ಕೆಳಗೆ ಬೀಳುತ್ತಿತ್ತು.

ಚಪ್ಪಲಿಯನ್ನು ಅಲ್ಲೇ ಬಿಟ್ಟು, ಎರಡೂ ಕೈಯಿಂದ ಮಗುವನ್ನು ಮೆಲ್ಲಗೆ ಎತ್ತಿಕೊಂಡಳು. ಅಷ್ಟರಲ್ಲಿ ಪರದೆಯ ಕಡೆಯಿಂದ ಕಟಕಟಕಟ ಎಂದು ಹಲ್ಲು ಕಡಿದಂಥ ಸದ್ದು ಶುರುವಾಯಿತು. ವೇಗ ಮಿತಿ ಮೀರಿದರೆ ಆ ವಿಮಾನ ಹಾಗೆ ಕೂಗುತ್ತದೆ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಆಗ ಕಂಡದ್ದು ಇಷ್ಟೇ: ಮೋಡ ಮುಗಿದು, ಕೆಳಗಿನ ನೀಲಿ ಸಮುದ್ರ ದೊಡ್ಡದಾಗುತ್ತಾ ಬರುತ್ತಿತ್ತು.

ಮಾವ ಕಣ್ಣು ಬಿಟ್ಟರು. ಅವರ ಕೈ ವಿಮಾನ ನಡೆಸುವ ಹಿಡಿಗೋಲಿಗೆ ಹೋಗಲಿಲ್ಲ. ಎದೆ ತಡಕಿತು, ತೊಡೆ ತಡಕಿತು, ಆಮೇಲೆ ಅವರು ಕುರ್ಚಿ ಬಿಟ್ಟು ಮಂಡಿಯೂರಿ ಮೇಜಿನ ಕೆಳಗೆ ತಡಕತೊಡಗಿದರು. ಮೇಜಿನ ಮೇಲೆ ಸಮುದ್ರ ಪರದೆ ತುಂಬಿ, ಎಲ್ಲ ಕಪ್ಪಾಗಿ, ಸದ್ದು ನಿಂತಿತು.

"ನನ್ನ ಹತ್ರ ಇದೆ ಮಾವ."

ಅವರು ನೆಲದ ಮೇಲೆಯೇ ಕೂತರು.

"ಇಳಿ ಅಂತ ಚಕ್ರ ತಿರುಗಿಸಿದ್ದೆ," ಎಂದರು. "ಸಾಕು ಅನ್ನೋಕೆ ನಾನು ಎಚ್ಚರ ಇರಲಿಲ್ಲ."

"ದಿನಾ ಹೀಗೇನಾ?"

"ನಿನ್ನೆನೂ ಸ್ವಲ್ಪ ಕಣ್ಣು ಹತ್ತಿತು. ಆ ಸದ್ದಿಗೆ ಇದು ಮಲಗುತ್ತೆ. ಇದು ಮಲಗಿದ್ರೆ ಎದೆ ಬೆಚ್ಚಗಾಗಿ ನನಗೂ…"

ಅವಳಿಗೆ ಕೂಗಾಡಬೇಕು ಅನ್ನಿಸಿತ್ತು. ಕೂಗಾಡಿದರೆ ಮಗು ಏಳುತ್ತದೆ. "ನೀವು ಮಗೂಗೆ ಅಲರ್ಜಿ ಸಿರಪ್ ಕೊಡ್ತಿದೀರಿ ಅಂತ ಅಂದ್ಕೊಂಡಿದ್ದೆ. ಬಾಟಲಿಗೆ ಗುರುತು ಹಾಕಿದ್ದೆ," ಎಂದಳು. ಹೇಳದೆ ಇದ್ದರೆ ಅದು ಹೊಟ್ಟೆಯಲ್ಲೇ ಕೊಳೆಯುತ್ತಿತ್ತು.

ಮಾವ ಬೇಸರಪಡುತ್ತಾರೆ ಎಂದುಕೊಂಡಳು. ಅವರು ತಲೆಯೆತ್ತಿ, ಮೊದಲ ಸಲ ನೋಡುವವರಂತೆ ಅವಳನ್ನು ನೋಡಿದರು.

"ಎಲ್ಲಿ ಹಾಕಿದ್ದೆ ಗುರುತು?"

"ಲೇಬಲ್ ಪಕ್ಕದಲ್ಲಿ. ಉಗುರುಬಣ್ಣದಲ್ಲಿ."

"ಒಳ್ಳೇದು. ಅದು ಒರೆಸಿದ್ರೂ ಹೋಗಲ್ಲ." ಕನ್ನಡಕ ಸರಿ ಮಾಡಿಕೊಂಡರು. "ಬಾಯ್ಲರ್ ಇನ್ಸ್‌ಪೆಕ್ಟರು ಹೇಳದೆ ಬರ್ತಿದ್ದ. ನಮ್ಮಲ್ಲಿ ಕೆಲವರಿಗೆ ಅವನನ್ನ ಕಂಡ್ರೆ ಆಗ್ತಿರಲಿಲ್ಲ. ನನಗೆ ಅವನು ಬಂದ ದಿನ ಧೈರ್ಯ. ನೀನೂ ಹೇಳದೆ ಬಾ."

"ನಾನು ಕೆಲಸಕ್ಕೆ ಹೋಗಬೇಕೋ ಬೇಡವೋ, ಅದನ್ನ ಹೇಳಿ ಮಾವ. ಸೋಮವಾರ ಹೇಳಬೇಕು ಅವರಿಗೆ."

ಹೋಗು ಎನ್ನಲು ಮಾವನಿಗೆ ಆಸೆ ಇತ್ತು, ಅದು ಕಾಣುತ್ತಿತ್ತು.

"ಮಗು ತೊಟ್ಟಿಲಲ್ಲಿ ಇರಲಿ. ತೊಟ್ಟಿಲು ಈ ಕೋಣೆಗೆ ಬರಲಿ. ಎದೆ ಮೇಲೆ ಬೇಡ," ಎಂದರು. "ಆಟೋಪೈಲಟ್ಟೂ ಬೇಡ. ಕೈಯಲ್ಲೇ ಹಿಡಿದು ಹಾರಿಸಿದ್ರೆ ನನಗೆ ತೂಕಡಿಕೆ ಬರಲ್ಲ. ಆ ಹಳೇ ವಿಮಾನ ಒಂದು ಗಳಿಗೆ ಸುಮ್ಮನೆ ಇರೋಕೆ ಬಿಡಲ್ಲ. ಆದ್ರೆ ಸದ್ದು ಮೇಲೆ ಕೆಳಗೆ ಆಗ್ತಾ ಇರುತ್ತೆ, ಮಗು ಅಷ್ಟು ಹೊತ್ತು ಮಲಗಲ್ಲ."

"ಮಲಗದಿದ್ರೆ ಬೇಡ ಬಿಡಿ. ನನ್ನ ಹತ್ರನೂ ಎಲ್ಲಿ ಮಲಗ್ತಿತ್ತು?"

ಆ ಶನಿವಾರ, ಭಾನುವಾರ ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕಿವಿಯೆಲ್ಲ ಹಿಂದಿನ ಕೋಣೆಯಲ್ಲಿಟ್ಟಳು. ಮಾವ ಹೇಳಿದಂತೆಯೇ ಆಯಿತು. ಇಂಜಿನ್ನಿನ ಸದ್ದು ಏರುತ್ತಿತ್ತು, ಇಳಿಯುತ್ತಿತ್ತು, ಅದರ ಮಧ್ಯೆ ಮಾವ ವಿಮಾನವನ್ನು ಗದರಿಸುತ್ತಿದ್ದರು, ಮಗು ಬೇಗ ಎದ್ದು ಇಬ್ಬರನ್ನೂ ಗದರಿಸುತ್ತಿತ್ತು. ಚಕ್ರದ ಕುರ್ಚಿ ಹೊರಗೆ ಹೋಗಿ ಊಟದ ಮನೆಯ ಗಟ್ಟಿ ಕುರ್ಚಿ ಒಳಗೆ ಬಂತು. ಗಂಡನಿಗೆ ಇನ್ನು ಮೇಲೆ ಸ್ವಂತ ಸಿರಪ್ಪು ಕೊಂಡುಕೊಳ್ಳಬೇಕೆಂದು ಅಪ್ಪಣೆಯಾಯಿತು.

ಸೋಮವಾರ ಅವಳು ಯಜಮಾನಿಗೆ ಬರುತ್ತೇನೆ ಎಂದಳು. ಹಾಗೆಂದ ಮಾತ್ರಕ್ಕೆ ಮನಸ್ಸು ನಿಶ್ಚಿಂತೆಯಾಯಿತು ಎಂದಲ್ಲ. ದಿನಕ್ಕೊಂದು ಸಲ, ಒಂದು ದಿನದ ಹೊತ್ತು ಇನ್ನೊಂದು ದಿನದ್ದನ್ನು ಹೋಲದ ಹಾಗೆ, ಮನೆಗೆ ಫೋನು ಮಾಡುತ್ತಾಳೆ. ಮಾವ ಎತ್ತಿದ ಮೇಲೆ ಒಂದು ಕ್ಷಣ ಏನೂ ಮಾತಾಡದೆ ಹಿಂದಿನ ಸದ್ದು ಕೇಳುತ್ತಾಳೆ. ಇಂಜಿನ್ನು ಏರುಪೇರಾಗಿದ್ದರೆ ಸರಿ.

ಮೊನ್ನೆ ಒಂದೇ ಸಮ ಕೇಳಿಸಿತು. ಅವಳ ಒಂದು ಕೈ ಆಗಲೇ ಅಂಗಡಿಯ ಬಿಳಿ ಕೋಟಿನ ಗುಂಡಿ ಬಿಚ್ಚುತ್ತಿತ್ತು.

"ಮಾವ, ಆಟೋಪೈಲಟ್ ಹಾಕಿದೀರಾ?"

"ಇಲ್ಲಮ್ಮ. ನೆಲದ ಮೇಲಿದೀವಿ. ಇಂಜಿನ್ ಸುಮ್ಮನೆ ಓಡ್ತಿದೆ. ಇದಕ್ಕೆ ಕ್ಯಾರೆಟ್ ತಿನ್ನಿಸ್ತಿದೀನಿ."

"ಫೋನ್ ಕೊಡಿ ಮಗೂಗೆ."

"ತಾಳು, ಬಾಯಿ ತುಂಬಾ ಇದೆ."

"ಪರವಾಗಿಲ್ಲ, ಕೊಡಿ."

ಕೌಂಟರಿನ ಆಚೆ ಗಿರಾಕಿಯೊಬ್ಬರು ಚೀಟಿ ಹಿಡಿದು ನಿಂತಿದ್ದರು. ಅವಳು ಒಂದು ಬೆರಳೆತ್ತಿ ತಾಳಿ ಎಂದು ಸನ್ನೆ ಮಾಡಿ, ಮಗು ಅಗಿಯುವ ಸದ್ದು ಕೇಳಿಸುವವರೆಗೆ ಫೋನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದಳು.