ದಾರ ಕಟ್ಟಿದ ಕನ್ನಡಕ

ದೆವ್ವ ಕಂಡೆ, ಸತ್ತವರು ಬಂದಿದ್ದರು ಎನ್ನುವವರಿಗೆಲ್ಲ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಫೋಟೊ ಐತೇನ್ರಿ?’ ಫೋಟೊ ತೆಗೆಯುವುದೇ ನನ್ನ ಕಸುಬಾದ್ದರಿಂದ ಎದುರಿನವರು ಸುಮ್ಮನಾಗುತ್ತಿದ್ದರು, ನಾನು ಗೆದ್ದವನಂತೆ ಬೀಗುತ್ತಿದ್ದೆ. ಈಗ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ಏಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮ ಇಷ್ಟ.

ಬಾಗಲಕೋಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಅಪ್ಪನ ಕಾಲದ ರೀಲಿನ ಕ್ಯಾಮೆರಾವನ್ನು ನಾನಿನ್ನೂ ಬಿಟ್ಟಿಲ್ಲ. ಬಗ್ಗಿ, ಅದರ ನೆತ್ತಿಯ ಮೇಲಿನ ಗಾಜಿನಲ್ಲಿ ನೋಡಬೇಕಾದ ಕ್ಯಾಮೆರಾ ಅದು. ಒಂದು ರೀಲಿಗೆ ಹನ್ನೆರಡೇ ಫೋಟೊ. ಮೊಬೈಲಿನಲ್ಲಿ ಸಾವಿರ ತೆಗೆದು ಬೇಸತ್ತವರು ಈಚೆಗೆ ಮನೆಮಂದಿಯದೊಂದು ಫೋಟೊ ಹಳೇ ಪದ್ಧತಿಯಲ್ಲೇ ಬೇಕೆಂದು ಕರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಇಳಕಲ್ಲಿನ ಒಂದು ನೇಕಾರರ ಮನೆಯಿಂದ ಹಾಗೆಯೇ ಕರೆ ಬಂತು.

ಕರೆಸಿದವರು ಗಿರಿಜವ್ವ, ಅರವತ್ತು ದಾಟಿದ ಹೆಂಗಸು. ನಮ್ಮ ಕಡೆ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಮನೆಯವರೆಲ್ಲ ಸುತ್ತ ಕುಳಿತು ಫೋಟೊ ತೆಗೆಸುವ ರೂಢಿ ಇದೆ. ಅವರ ಗಂಡ ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದ ಮನುಷ್ಯನಂತೆ. ಹಾಗಾಗಿ ಉಳಿದದ್ದು ತೀರಿಕೊಂಡಾಗ ಹಾಗೆ ಕೂರಿಸಿ ತೆಗೆಸಿದ ಆ ಕೊನೆಯ ಫೋಟೊ ಒಂದೇ. ಅದರಲ್ಲೂ ಗಿರಿಜವ್ವ ಇಲ್ಲ. ಆಗ ಅವರು ಆಪರೇಶನ್ ಮಾಡಿಸಿಕೊಂಡು ಬಾಗಲಕೋಟೆಯ ದವಾಖಾನೆಯಲ್ಲಿ ಮಲಗಿದ್ದರು. ಮಣ್ಣು ಮಾಡಿದ ಮೇಲೆಯೇ ಅವರಿಗೆ ಸುದ್ದಿ ತಿಳಿಸಿದ್ದು.

‘ಆ ಫೋಟೊ ನೋಡಿದರ ಭಾಳ ಸಂಕಟ ಆಗತೈತ್ರಿ,’ ಎಂದರು. ‘ಕಣ್ಣ ಮುಚ್ಯಾರ. ನಲವತ್ತ ವರ್ಷ ಬಾಳೇ ಮಾಡೀನಿ, ಅವರ ಬಾಜೂಕ ಕುಂತದ್ದ ಒಂದ ಫೋಟೊ ಇಲ್ಲ. ನನ್ನ ಬಾಜೂಕ ಒಬ್ಬರು ಕುಂಡ್ರೋವಷ್ಟ ಜಾಗಾ ಬಿಟ್ಟ ತಗೀರಿ.’

ಮಗ, ಸೊಸೆ, ಮಗಳು, ಇಬ್ಬರು ಮೊಮ್ಮಕ್ಕಳು, ಗಿರಿಜವ್ವ. ಒಟ್ಟು ಆರು ಜನ. ಮಗ್ಗದ ಮುಂದೆ ಬೆಂಚು ಹಾಕಿ ಕೂರಿಸಿದೆ. ನಡುವಿನ ಆ ಖಾಲಿ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಂಡು ನನಗೆ ಕಿರಿಕಿರಿಯೇ ಆಯಿತು, ಆದರೆ ಗಿರಿಜವ್ವನ ಮುಖ ನೋಡಿ ಹಾಗೆಯೇ ಬಿಟ್ಟೆ. ನನ್ನ ಬೆನ್ನ ಹಿಂದಿನ ಬಾಗಿಲಿನಿಂದ ಮಧ್ಯಾಹ್ನದ ಬಿಸಿಲು ಒಳಗೆ ಬೀಳುತ್ತಿತ್ತು.

ಬಗ್ಗಿ ಗಾಜಿನಲ್ಲಿ ನೋಡಿ, ರೂಢಿಯಂತೆ ತಲೆ ಎಣಿಸಿದೆ. ಏಳು. ಎಲ್ಲರೂ ಸರಿಯಾಗಿ ಕೂತಿದ್ದಾರೆ ಎಂದುಕೊಂಡೆ. ಗಿರಿಜವ್ವನ ಪಕ್ಕದ ಮುದುಕರ ಕನ್ನಡಕಕ್ಕೆ ಮಾತ್ರ ಬಿಸಿಲು ಹೊಡೆದು ಗಾಜೆರಡೂ ಬೆಳ್ಳಗಾಗಿದ್ದವು. ಗ್ರೂಪ್ ಫೋಟೊದಲ್ಲಿ ಇದು ನನಗೆ ದಿನದ ತಲೆನೋವು. ತಲೆ ಎತ್ತದೆಯೇ ಹೇಳಿದೆ: ‘ಅಜ್ಜಾರ, ಆ ಕೆಂಪು ದಾರ ಕಟ್ಟಿದ ಚಸ್ಮಾ ಒಂದ್ ಸ್ವಲ್ಪ ತಗೀರಿ, ಬೆಳಕ ಹೊಡ್ಯಾಕತ್ತೈತಿ.’

ಯಾರೂ ಮಿಸುಕಲಿಲ್ಲ. ತಲೆ ಎತ್ತಿದೆ. ಜಾಗ ಖಾಲಿ. ಮತ್ತೆ ಬಗ್ಗಿದೆ, ಗಾಜಿನಲ್ಲೂ ಖಾಲಿ. ಆಗ ನಾನು ಏಳು ಎಂದು ಎಣಿಸಿದ್ದು ನೆನಪಾಯಿತು.

‘ಏನ್ರಿ, ಚ್ಯಾಷ್ಟಿ ಮಾಡ್ತೀರೇನು?’ ಎಂದು ಮಗ ಸಿಟ್ಟಿನಿಂದ ಎದ್ದ. ಗಿರಿಜವ್ವ ಅವನ ತೋಳು ಹಿಡಿದು ಕೂರಿಸಿದರು. ‘ತಗೀರಿ,’ ಎಂದರು ನನಗೆ, ‘ಈಗ ತಗೀರಿ.’ ಒಂದೇ ಒಂದು ತೆಗೆದೆ. ಇನ್ನೊಂದು ತೆಗೆಯುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಅವರು ಒಳಗೆ ಹೋಗಿ ಟ್ರಂಕಿನಿಂದ ಒಂದು ಕನ್ನಡಕ ತಂದು ಬೆಂಚಿನ ಮೇಲಿಟ್ಟರು. ಅದರ ಮುರಿದ ಕಡ್ಡಿಗೆ ಸೆರಗು ನೇಯುವ ಕೆಂಪು ರೇಶ್ಮೆ ದಾರ ಸುತ್ತಿತ್ತು. ಗೋಡೆಗೆ ತೂಗುಹಾಕಿದ್ದ ಆ ಕೊನೆಯ ಫೋಟೊವನ್ನು ನಾನು ಮೊದಲೇ ನೋಡಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಅದರಲ್ಲಿ ಅಜ್ಜನಿಗೆ ಕನ್ನಡಕವೇ ಇಲ್ಲ. ಮನೆಯವರು ಯಾರೂ ಅದರ ಮಾತೆತ್ತಿರಲಿಲ್ಲ.

ಕತ್ತಲೆ ಕೋಣೆಯಲ್ಲಿ ರೀಲು ತೊಳೆಯುವಾಗ ಹೆದರಿದ್ದೆ. ನೆಗೆಟಿವ್‌ನಲ್ಲಿ ಆರೇ ಜನ, ಪ್ರಿಂಟಿನಲ್ಲೂ ಆರೇ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಷ್ಟು ಆಸೆಯಿಂದ ಕೂತ ಹೆಂಗಸಿಗೆ ಇದನ್ನು ಏನೆಂದು ಕೊಡಲಿ ಎಂದು ನೋವಾಯಿತು.

ಇಳಕಲ್ಲಿಗೆ ನಾನೇ ಹೋಗಿ ಕೊಟ್ಟೆ. ಗಿರಿಜವ್ವ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಮಗ ಹೊರಗೆ ಹೋಗುವವರೆಗೂ ಕಾದು ಮೆಲ್ಲಗೆ ಕೇಳಿದರು: ‘ನೀವು ನೋಡಿದಾಗ ಅವರ ಕಣ್ಣ ತೆರದಿದ್ದುವೇನ್ರಿ?’

‘ತೆರದಿದ್ದುವ್ರಿ, ಅವ್ವಾರ,’ ಎಂದೆ. ಅವರು ತಲೆಯಾಡಿಸಿ ಸೆರಗಿನಿಂದ ಮುಖ ಒರೆಸಿಕೊಂಡರು.

ದಣಿವು, ಬಿಸಿಲು, ಹಳೇ ಗಾಜು ಎಂದು ಕಾರಣ ಹುಡುಕಿ ಸಾಕಾಗಿದೆ. ಯಾವುದೂ ಆ ಕೆಂಪು ದಾರಕ್ಕೆ ಹೊಂದುವುದಿಲ್ಲ. ನಾನು ಕಂಡದ್ದೇನೆಂದು ಇವತ್ತಿಗೂ ಗೊತ್ತಿಲ್ಲ, ಆ ಗೋಜು ಬಿಟ್ಟಿದ್ದೇನೆ. ಅವರಿಗೆ ಕೊಟ್ಟ ಉತ್ತರ ಮಾತ್ರ ನನ್ನನ್ನು ಬಿಟ್ಟಿಲ್ಲ. ಕನ್ನಡಕಕ್ಕೆ ಅಷ್ಟು ಬಿಸಿಲು ಹೊಡೆದಿತ್ತು. ಅದರ ಹಿಂದಿನ ಕಣ್ಣು ತೆರೆದಿದ್ದವೋ ಮುಚ್ಚಿದ್ದವೋ, ನಾನು ನೋಡಿಯೇ ಇಲ್ಲ.